ಫ್ಲೆಕ್ಸಿನ ನಡುವಿನ ಮುಖ

ಬೈಲಹೊಂಗಲ
೧೮ ಫೆಬ್ರುವರಿ ೨೦೨೫

ಅರ್ಧ ಬೆಂಚಿನ ಒಡತಿ ಪೂನಮ್‌ಗೆ,

ಉಳಿದರ್ಧ ಬೆಂಚಿನ ಜೀನತಳ ಸಲಾಂ. ನಿಮ್ಮವ್ವ ಸುಂದರವ್ವ ಪಕ್ಕದಲ್ಲೇ ಕುಳಿತಿದ್ದಾಳೆ, ಜೈಭೀಮ್ ಕೂಡ ಸೇರಿಸು ಎಂದಳು, ಸೇರಿಸಿದ್ದೇನೆ.

ನಿನ್ನ ಸಂದೇಶಗಳೆಲ್ಲ ತಲುಪಿವೆ. "ಪೋಸ್ಟರ್ ಕಳಿಸುತ್ತೀಯೋ, ಇಲ್ಲ ನಾನೇ ಬಂದು ನಿನ್ನ ಅಂಗಡಿಯ ಶಟರ್ ಎಳೆಯಲೋ?" ಎಂದು ಹೆದರಿಸಿದ್ದೂ ತಲುಪಿತು. ಕೊಲ್ಹಾಪುರದ ನಿನ್ನ ಕಲಾಶಾಲೆಯಲ್ಲಿ ಪೋಸ್ಟರುಗಳ ಪ್ರದರ್ಶನ. ಜಾಹೀರಾತಿಗೆ ಒಂದು ಗೋಡೆ, ಕಲೆಗೆ ಒಂದು, ಹೋರಾಟಕ್ಕೆ ಒಂದು. ನಮ್ಮ ಕಡೆಯಿಂದ ಒಂದೇ ಪೋಸ್ಟರ್, ಜೊತೆಗೆ ಅದರ ಬಗ್ಗೆ ಒಂದು ಟಿಪ್ಪಣಿ. ನೀನು ಕೇಳಿದ್ದು ಇಷ್ಟೇ. ಇಷ್ಟು ವರ್ಷ ಫ್ಲೆಕ್ಸ್ ಅಂಗಡಿ ನಡೆಸಿದವಳಿಗೆ ಇದು ಕಷ್ಟವಾಗಬಾರದು. ಆದರೆ ಒಂದು ಪೋಸ್ಟರ್ ಆರಿಸಿಟ್ಟುಕೊಂಡು ಕುಳಿತರೆ, ಅದನ್ನು ಯಾವ ಗೋಡೆಗೆ ಎಂದು ಹೇಳಲಿ ಎಂಬುದೇ ತಿಳಿಯಲಿಲ್ಲ. ಅದು ಮೂರಕ್ಕೂ ಸೇರುತ್ತದೆ, ಅಥವಾ ಯಾವುದಕ್ಕೂ ಸೇರುವುದಿಲ್ಲ. ಹೀಗಾಗಿ ನಡೆದದ್ದನ್ನೆಲ್ಲ ಬರೆಯುತ್ತೇನೆ, ಟಿಪ್ಪಣಿಗೆ ಬೇಕಾದಷ್ಟನ್ನು ನೀನೇ ಕತ್ತರಿಸಿಕೋ.

ನಿನ್ನ ವಿದ್ಯಾರ್ಥಿಗಳಿಗೆ ಮೊದಲು ನಮ್ಮ ಅಪ್ಪಂದಿರ ಕಾಲ ಹೇಳಬೇಕು. ನನ್ನ ಅಬ್ಬಾ ರಹಿಮಾನಸಾಬ ಬರೆಯುವವರು, ನಿಮ್ಮಪ್ಪ ನೀಲಪ್ಪ ಕಾಕಾ ಹಚ್ಚುವವರು. ಸವದತ್ತಿ ದಾರಿಯಿಂದ ರಾಮದುರ್ಗದವರೆಗೆ ಚಹಾಪುಡಿ, ಬಿತ್ತನೆ ಬೀಜ, ಪಂಪ್‌ಸೆಟ್ಟು ಎಲ್ಲವನ್ನೂ ಗೋಡೆಯ ಮೇಲೆ ಬರೆದದ್ದು ಅಬ್ಬಾನ ಕುಂಚ. ಸಿನೆಮಾ ಪೋಸ್ಟರನ್ನು ಸೈಕಲ್ಲಿಗೆ ಕಟ್ಟಿಕೊಂಡು, ಮೈದಾ ಅಂಟಿನ ಬಕೆಟ್ಟು ತೂಗಾಡಿಸುತ್ತ ಊರೂರಿಗೆ ಹೋದವರು ಕಾಕಾ. ಕಟಕೋಳದಲ್ಲಿ ಹಚ್ಚಿದ ಪೋಸ್ಟರನ್ನು ಆಡುಗಳು ಅಂಟಿನ ರುಚಿಗೆ ನಾಯಕನ ಸಮೇತ ತಿಂದು ಮುಗಿಸಿದ್ದವೆಂದು ಅವರು ಇವತ್ತಿಗೂ ಹೇಳಿ ನಗುತ್ತಾರೆ. ನಮ್ಮಿಬ್ಬರಿಗೂ ಇಂಗ್ಲಿಷ್ ಮೀಡಿಯಂ ಸಾಲಿ ಸಿಕ್ಕಿದ್ದೂ ಒಂದು ಗೋಡೆಯಿಂದಲೇ. ಆ ಸಾಲಿಯ ಕಂಪೌಂಡಿಗೆ ಎ ಬಿ ಸಿ ಜೊತೆ ಸೇಬು, ಚೆಂಡು, ಬೆಕ್ಕು ಬರೆಯಲು ಹೋದ ಅಬ್ಬಾ, ಸಿಸ್ಟರ್ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿ, ಇವಕ್ಕೂ ಇದನ್ನು ಓದಲು ಕಲಿಸಿ ಎಂದಿದ್ದರಂತೆ.

ಆಮೇಲೆ ನಾನು ಕಂಪ್ಯೂಟರ್ ತಂದೆ. ಫ್ಲೆಕ್ಸ್ ಬಂತು. ಅಬ್ಬಾ ಕುಂಚಗಳನ್ನು ತೊಳೆದು ಬಿಸ್ಕಿಟ್ ಡಬ್ಬಿಯಲ್ಲಿಟ್ಟರು. ಮುನಿಸಿಕೊಳ್ಳಲಿಲ್ಲ. "ನಾ ಒಂದು ಮಾರಿ ಬರಿಯಾಕ ಇಡೀ ದಿವಸ ತಗೋತಿದ್ದೆ. ನೀ ಒಂದ ದಿವಸದಾಗ ಊರ ಮಾರಿ ಎಲ್ಲಾ ಮುಗಸ್ತಿ" ಎಂದರು. ಹೊಗಳಿಕೆಯೋ ಚುಚ್ಚುಮಾತೋ, ನನಗೆ ಇನ್ನೂ ತೀರ್ಮಾನವಾಗಿಲ್ಲ.

ಮುಖಗಳು! ನಮ್ಮ ಫ್ಲೆಕ್ಸಿನ ಶಾಸ್ತ್ರ ನಿನಗೆ ಗೊತ್ತು, ಮಕ್ಕಳಿಗೆ ಹೇಳು. ನಡುವೆ ಕೈಮುಗಿದ ದೊಡ್ಡ ಮುಖ, ತಲೆಯ ಹಿಂದೆ ಸೂರ್ಯಕಿರಣ. ಕೆಳಗೆ ಸಾಲಾಗಿ ಸಣ್ಣ ಮುಖಗಳು, ಶುಭ ಕೋರುವವರದು. ಒಬ್ಬನ ಮುಖ ಪಕ್ಕದವನದಕ್ಕಿಂತ ಬೆರಳಗಲ ಸಣ್ಣದಾದರೆ ಮರುದಿನ ಅಂಗಡಿಯ ಮುಂದೆ ಜಗಳ. ನಡುವಿನ ಮುಖ ಬಣ್ಣದಲ್ಲಿದ್ದರೆ ಹುಟ್ಟುಹಬ್ಬ, ಕಪ್ಪುಬಿಳುಪಾಗಿ ಮಾಲೆ ಹಾಕಿದ್ದರೆ ಶ್ರದ್ಧಾಂಜಲಿ. ಅಕ್ಷರವನ್ನು ಯಾರೂ ಓದುವುದಿಲ್ಲ, ಓದುವ ಅಗತ್ಯವೇ ಇಲ್ಲ. ಮುಖ ಎಲ್ಲಿದೆ ಎಂದು ನೋಡಿದರೆ ವಿಷಯ ತಿಳಿಯಿತು. ನಾನು ಮಾಡುವುದು ವಿನ್ಯಾಸವೋ, ಮುಖಗಳಿಗೆ ಕುರ್ಚಿ ಹಾಕುವ ಕೆಲಸವೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಈಗ ಕಥೆಗೆ ಬರುತ್ತೇನೆ.

ನನ್ನ ತಮ್ಮ ಏಜಾಜನ ಮಗಳು ಗುಲಫಶಾ ನಿನಗೆ ಎರಡು ಜಡೆಯ ಹುಡುಗಿಯಾಗಿ ನೆನಪಿರಬೇಕು. ಈಗ ಬಿ.ಕಾಂ. ಎರಡನೆಯ ವರ್ಷ. ಬೆಳಿಗ್ಗೆ ನಿಮ್ಮ ಮನೆಯ ಮುಂದಿನ ಗಿರಣಿ ಕ್ರಾಸಿನಲ್ಲಿ ಬಸ್ ಹತ್ತಿ ಬೈಲಹೊಂಗಲಕ್ಕೆ ಬರಬೇಕು. ಆದರೆ ಬಸ್ಸು ನೇಸರಗಿಯಲ್ಲೇ ತುಂಬಿರುತ್ತದೆ, ಕ್ರಾಸಿನಲ್ಲಿ ನಿಲ್ಲುವುದಿಲ್ಲ. ಮಳೆಗಾಲದಿಂದಲೂ ಹೀಗೇ. ಹುಡುಗಿಯರು ಕೈ ಮಾಡುತ್ತಾರೆ, ಡ್ರೈವರ್ 'ಹಿಂದೆ ಇನ್ನೊಂದು ಬರುತ್ತದೆ' ಎಂದು ಹೆಬ್ಬೆರಳು ತೋರಿಸುತ್ತಾನೆ. ಹಿಂದೆ ಬರುವುದು ಕಬ್ಬಿನ ಟ್ರ್ಯಾಕ್ಟರ್. ತಡವಾಗಿ ಬರುವ ಎರಡನೆಯ ಬಸ್ಸೂ ನಿಲ್ಲುವುದಿಲ್ಲ. ಗುಲಫಶಾಳ ಮೊದಲ ಎರಡು ತಾಸಿನ ಪಾಠಗಳ ಹಾಜರಿ ಹೋಗುತ್ತ ಹೋಗುತ್ತ, ಇನ್ನು ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದರು. ಏಜಾಜನ ಟೆಂಪೊ ಬೆಳಗಾಗುವ ಮುಂಚೆಯೇ ತರಕಾರಿ ಹೇರಿಕೊಂಡು ಬೆಳಗಾವಿಗೆ ಹೋಗಿರುತ್ತದೆ. ಅವನೂ ಸೋತು, "ಈ ವರ್ಷ ಹೋದರ ಹೋಗಲಿ ಬಿಡವಾ, ಮನ್ಯಾಗ ಕುಂತು ಓದಿ ಬರಿಯಂತಿ" ಎಂದ. ಮನೆಯಲ್ಲಿ ಒಂದು ವರ್ಷ ಕುಳಿತ ಹುಡುಗಿಯನ್ನು ನೋಡಲು ಕಾಲೇಜು ಬರುವುದಿಲ್ಲ, ಗಂಡಿನ ಕಡೆಯವರು ಬರುತ್ತಾರೆ. ಅದು ಗುಲಫಶಾಳಿಗೆ ಗೊತ್ತಿತ್ತು.

ಅವಳು ಅಳಲಿಲ್ಲ. ಅಂಗಡಿಗೆ ಬಂದು ಚಾರ್ಟ್ ಪೇಪರ್ ಕೇಳಿದಳು.

ಮುಷ್ಟಿ, ಮುರಿದ ಸರಪಳಿ, 'ವಿ ವಾಂಟ್ ಜಸ್ಟಿಸ್' ಎಂಬ ಕೆಂಪು ಅಕ್ಷರ. ಮೊಬೈಲಿನಲ್ಲಿ ಯಾವುದೋ ದೇಶದ ಹೋರಾಟದ ಪೋಸ್ಟರ್ ನೋಡಿ ಮಾಡಿದ್ದಳು, ನಿಜವಾಗಿಯೂ ಚೆನ್ನಾಗಿತ್ತು. ಮರುದಿನ ಕ್ರಾಸಿನ ಹುಡುಗಿಯರೆಲ್ಲ ಅದನ್ನು ಎತ್ತಿ ಹಿಡಿದು ರಸ್ತೆಯ ಅಂಚಿಗೆ ಸಾಲಾಗಿ ನಿಂತರು. ಬಸ್ಸು ಬಂತು. ಡ್ರೈವರ್ ಹಾರ್ನ್ ಹೊಡೆದ, ನಕ್ಕ, ಕೈ ಬೀಸಿದ, ಹೊರಟುಹೋದ. ಒಳಗೆ ಕುಳಿತ ಹೆಂಗಸರೂ ಕೈ ಬೀಸಿದರಂತೆ!

ನಿಮ್ಮವ್ವ ಎಮ್ಮೆಗೆ ಮೇವು ಹಾಕುತ್ತ ನೋಡುತ್ತಿದ್ದಳು. "ಯವ್ವಾ, ವೋಟ್ ಹಾಕ್ರಿ ಅನ್ನಾಕ ನಿಂತೀರಂತ ತಿಳಕೊಂಡಾನ ಅಂವ" ಎಂದಳು.

ಅವಳು ಹೇಳಿದ್ದು ಸರಿ. ನಮ್ಮ ಕಡೆ ಸಾಲಿ ಹುಡುಗಿಯರು ಚಾರ್ಟ್ ಹಿಡಿದು ನಿಂತರೆ ಅದು ಪೋಲಿಯೊ, ಇಲ್ಲವೇ ಮತದಾನ, ಇಲ್ಲವೇ ಸ್ವಚ್ಛತೆ. ಯಾವ ಡ್ರೈವರ್ ಅದಕ್ಕಾಗಿ ಬ್ರೇಕ್ ಹಾಕಿದ್ದಾನೆ? ಗುಲಫಶಾ ಕೆಂಡವಾಗಿ ಅಂಗಡಿಗೆ ಬಂದಾಗ ಅಬ್ಬಾ ಓದುತ್ತಿದ್ದ ಸುದ್ದಿಪತ್ರಿಕೆ ಮಡಚಿ, "ನಿಂತು ಓದೋರಿಗೆ ಇದು ಐತಿ. ನಿಲ್ಲದಾಂವಗ ಬರಿಯೂದಕ್ಕ ಬೋರ್ಡ್ ಅಂತಾರ" ಎಂದರು.

"ಹಂಗಾದ್ರ ನಿಲ್ಲದಾಂವಗ ಏನ ಕಾಣ್ತೈತಿ, ದಾದಾ?" ಎಂದು ಅವಳು ಅಜ್ಜನನ್ನು ಕೇಳಿದಳು.

"ನಿಮ್ಮ ಫುಫೂನ್ನ ಕೇಳು. ಊರ ಕಣ್ಣ ಈಗ ಅಕಿ ಕೈಯಾಗ ಅದಾವ" ಎಂದು ಅಬ್ಬಾ ಅವಳ ಸೋದರತ್ತೆಯಾದ ನನ್ನತ್ತ ಕೈ ತೋರಿಸಿದರು.

ಹೀಗೆ ಫ್ಲೆಕ್ಸ್ ಮಾಡುವುದೆಂದು ಆಯಿತು. ಸುದ್ದಿ ಹಬ್ಬಿದ್ದೇ ತಡ, ಕ್ರಾಸಿನ ಗಂಡಸರೆಲ್ಲ ಹೋರಾಟಕ್ಕೆ ಧುಮುಕಿದರು, ಅಂದರೆ ಫೋಟೋ ಕಳಿಸಿದರು. ಹಾಲಿನ ಡೈರಿಯ ಮಾಳಪ್ಪ ಸಫಾರಿ ತೊಟ್ಟದ್ದು ಕಳಿಸಿದ. ನಿನ್ನ ತಮ್ಮ ಪರಶು ಕರಿ ಕನ್ನಡಕ ಹಾಕಿ, ಯಾರೂ ಮಾತಾಡದ ಫೋನನ್ನು ಕಿವಿಗೆ ಹಿಡಿದದ್ದು ಕಳಿಸಿ, ಹಿಂದೆಯೇ ತಾನೂ ಅಂಗಡಿಗೆ ಬಂದ. ಗುಲಫಶಾ ನನ್ನ ಹೆಗಲ ಹಿಂದೆ ನಿಂತು, "ಪರಶು ಕಾಕಾ, ಇದು ನಮ್ಮ ಹೋರಾಟೋ, ನಿಮ್ಮ ಬರ್ತ್‌ಡೇನೋ?" ಎಂದಳು.

"ಹುಚ್ಚಿ, ಮಾರಿ ಇಲ್ಲದ ಫ್ಲೆಕ್ಸ್ ಯಾಂವ ನೋಡ್ತಾನ?" ಎಂದ ಪರಶು. "ಮತ್ತ ನಂದು ಮಾಳಪ್ಪಗಿಂತ ಸಣ್ಣದು ಆಗಬಾರದು ನೋಡ್ರಿ ಜೀನತಕ್ಕಾ."

ಹಾಗಾದರೆ ನಮ್ಮ ಮುಖವನ್ನೇ ಹಾಕು, ಬಸ್ ತಪ್ಪುವುದು ನಮಗೆ ತಾನೇ, ಎಂದಳು ಗುಲಫಶಾ. ನನಗೂ ಹಾಗೇ ಅನ್ನಿಸಿತು. ಆದರೆ ಸಂಜೆಯೊಳಗೆ ಒಬ್ಬೊಬ್ಬ ಹುಡುಗಿಯ ಮನೆಯಿಂದಲೂ ಬೇಡ ಎಂಬ ಮಾತು ಬಂತು. ನೀನು ಗಮನಿಸಿದ್ದೀಯಾ ಪೂನಮ್, ಇಷ್ಟು ವರ್ಷಗಳಲ್ಲಿ ನನ್ನ ಮಷೀನಿನಿಂದ ಹೊರಬಂದ ಸಾವಿರಾರು ಮುಖಗಳಲ್ಲಿ ನಮ್ಮ ಹೆಂಗಸರ ಮುಖ ಇದ್ದದ್ದು ಶ್ರದ್ಧಾಂಜಲಿಯಲ್ಲಿ ಮಾತ್ರ. ಇದನ್ನು ನಿಮ್ಮವ್ವನಿಗೆ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು, "ಸತ್ತ ಮ್ಯಾಲ ಹೆಂಗೂ ಹಾಕ್ತಾರ. ಇದ್ದಾಗ ಒಮ್ಮೆ ನಾನೂ ನೋಡ್ತೇನಿ, ತಗಿ ನನ್ನ ಫೋಟೋ" ಎಂದಳು. ಕೆಳಗಿನ ಸಾಲಿನಲ್ಲಿ, ಪರಶುವಿನ ಕರಿ ಕನ್ನಡಕದ ಪಕ್ಕದಲ್ಲೇ ಅವಳಿದ್ದಾಳೆ. ಅವನದಕ್ಕಿಂತ ಸ್ವಲ್ಪ ದೊಡ್ಡದಾಗಿ.

ಈಗ ಊರಲ್ಲೆಲ್ಲ ಪ್ರಸಿದ್ಧವಾದ ನನ್ನ ತಪ್ಪು. ಮದುವೆಗಳ ಕಾಲ, ನನಗೆ ತಲೆ ಎತ್ತಲು ಪುರಸೊತ್ತಿರಲಿಲ್ಲ. ಅವಸರದಲ್ಲಿ ಹುಟ್ಟುಹಬ್ಬದ ಹಳೆಯ ಫೈಲನ್ನೇ ತೆರೆದು ಅಕ್ಷರ ಬದಲಿಸಿದೆ. 'ಗಿರಣಿ ಕ್ರಾಸಿನಲ್ಲಿ ಬೆಳಗಿನ ಬಸ್ ನಿಲ್ಲಿಸಲೇಬೇಕು.' ಕೆಳಗೆ 'ಶುಭ ಕೋರುವವರು' ಇದ್ದಲ್ಲಿ 'ಆಗ್ರಹಿಸುವವರು.' ನಡುವಿನ ದೊಡ್ಡ ಜಾಗ ಖಾಲಿ ಉಳಿಯಿತು. ಯಾರನ್ನು ಆಗ್ರಹಿಸುವುದೋ ಅವರದೇ ಇರಲಿ ಎಂದು ಬಸ್ ಡಿಪೊದ ಮ್ಯಾನೇಜರ್ ಬಸವಲಿಂಗ ಸಾಹೇಬರ ಫೋಟೋ ಕೂರಿಸಿದೆ. ಅವರು ವರ್ಗವಾಗಿ ಬಂದಾಗ ಸಿಬ್ಬಂದಿ ಮಾಡಿಸಿದ ಸ್ವಾಗತದ ಫ್ಲೆಕ್ಸ್ ನಮ್ಮಲ್ಲೇ ಆಗಿತ್ತು, ಎರಡು ಫೋಟೋ ಕಂಪ್ಯೂಟರಿನಲ್ಲಿದ್ದವು. ಒಂದರಲ್ಲಿ ಮೈಕಿನ ಮುಂದೆ ಬೆರಳು ತೋರಿಸಿ ಗದರುತ್ತಿದ್ದಾರೆ, ಇನ್ನೊಂದರಲ್ಲಿ ಕೈಮುಗಿದು ನಗುತ್ತಿದ್ದಾರೆ. ಬೆರಳು ಪಕ್ಕದ ಅಕ್ಷರಕ್ಕೆ ತಾಗುತ್ತಿತ್ತು, ಅದಕ್ಕೆ ಕೈಮುಗಿದದ್ದನ್ನು ಹಾಕಿದೆ. ಸೂರ್ಯಕಿರಣ ತೆಗೆಯಲು ಮರೆತೆ. ಪರಶು ಬಂದು ಸುರುಳಿ ಒಯ್ದು, ಬಿಚ್ಚಿ ನೋಡದೆ, ಕ್ರಾಸಿನ ಬೇವಿನ ಮರಕ್ಕೂ ಕರೆಂಟಿನ ಕಂಬಕ್ಕೂ ಕಟ್ಟಿದ.

ಬೆಳಿಗ್ಗೆ ಗುಲಫಶಾಳ ಫೋನು.

"ಫುಫೂ, ಏನ್ ಮಾಡಿಟ್ಟಿ ಇದು! ಸಾಹೇಬ್ರನ್ನ ದೇವರ ಮಾಡೀದಿ!"

"ಬಸ್?"

"ನಿಂತೈತಿ. ಬಸ್ಸಿನ್ಯಾಗ ಕುಂತ ಮಾತಾಡಾಕತ್ತೇನಿ."

ಆದದ್ದು ಇಷ್ಟು. ದೂರದಿಂದಲೇ ತನ್ನ ಸಾಹೇಬರ ಮುಖ ಕಂಡು ಡ್ರೈವರನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿದೆ. ಅವನು ನೋಡುತ್ತಿದ್ದಾಗ ಹುಡುಗಿಯರು ಹತ್ತಿದ್ದಾರೆ. ಕಂಡಕ್ಟರ್ ಇಳಿದು ಫ್ಲೆಕ್ಸಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು, "ಇವತ್ತ ಸಾಹೇಬ್ರ ಬರ್ತ್‌ಡೇ ಏನವಾ? ನಮಗ ಗೊತ್ತ ಇರಲಿಲ್ಲ ನೋಡು" ಎಂದು ಡಿಪೊದ ಗ್ರೂಪಿಗೆ ಕಳಿಸಿಬಿಟ್ಟ. ಹಿಂದೆ ಬಂದ ಬಸ್ಸೂ ನಿಂತಿತು. ನಿಲ್ಲದೇ ಹೋದರೆ ಸಾಹೇಬರ ಹುಟ್ಟುಹಬ್ಬಕ್ಕೆ ಅವಮಾನವಲ್ಲವೇ!

ಮಧ್ಯಾಹ್ನ ಕಾಲೇಜು ಬಿಟ್ಟವಳೇ ಗುಲಫಶಾ ನನ್ನನ್ನು ಎಳೆದುಕೊಂಡು ಕ್ರಾಸಿಗೆ ಹೊರಟಳು. ಫ್ಲೆಕ್ಸ್ ಇಳಿಸಿ ಸರಿಯಾದದ್ದು ಮಾಡಿಕೊಡು ಎಂಬುದು ಅವಳ ಹಟ. ನಾವು ಹಗ್ಗ ಬಿಚ್ಚಲು ಹೋಗುವಷ್ಟರಲ್ಲಿ ಡಿಪೊದ ಜೀಪು ಬಂತು. ಬಸವಲಿಂಗ ಸಾಹೇಬರು ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಇಳಿದರು. ಮುಖದಲ್ಲಿ ಅದೇ ಫ್ಲೆಕ್ಸಿನ ನಗು. ಹತ್ತಿರ ಬಂದು ಅಕ್ಷರ ಓದಿದರು. 'ನಿಲ್ಲಿಸಲೇಬೇಕು' ಎಂಬಲ್ಲಿಗೆ ನಗು ಸ್ವಲ್ಪ ಇಳಿಯಿತು. ಸಫಾರಿಯ ಮಾಳಪ್ಪ ಬೇವಿನ ಮರದ ಹಿಂದೆ ಸರಿದ.

"ಇದು ಬರ್ತ್‌ಡೇದ್ದ ಅಲ್ಲೇನ್ರಿ?" ಎಂದರು ಸಾಹೇಬರು. "ಮುಂಜಾನಿಂದ ಫೋನ್ ಬರಾಕತ್ತಾವ. ನನ್ನ ಹೆಂಡತಿ ತಾನ ತಾರೀಖ ಮರತೇನೇನೋ ಅಂತ ಗಾಬರಿಯಾಗಿ ಹುಗ್ಗಿ ಮಾಡಾಕ ಕುಂತಾಳ!"

ಆಗ ನಿಮ್ಮವ್ವ ಮನೆಯೊಳಗಿಂದ ಬಂದಳು. ಬಾಬಾಸಾಹೇಬರ ಫೋಟೋಕ್ಕೆಂದು ಕಟ್ಟಿಟ್ಟ ಚೆಂಡುಹೂವಿನ ಮಾಲೆ ಕೈಯಲ್ಲಿತ್ತು. ನೇರವಾಗಿ ಹೋಗಿ ಸಾಹೇಬರ ಕೊರಳಿಗೆ ಹಾಕಿದಳು.

"ಬರ್ತ್‌ಡೇ ಅಲ್ರಿ, ಸಾಹೇಬ್ರ. ಇವತ್ತ ನಿಮ್ಮ ಗಾಡಿ ನಮ್ಮ ಕ್ರಾಸಿನ್ಯಾಗ ನಿಂತೈತಿ. ನಿಂತಿದ್ದಕ್ಕ ಮಾಲಿ. ನಾಳಿ ನಿಂತರ ಪೇಡೆ. ನಿಲ್ಲಲಿಲ್ಲಂದ್ರ ಮಾಲಿ ವಾಪಸ್ ಕೊಡ್ರಿ."

ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಇನ್ನೊಮ್ಮೆ ಫ್ಲೆಕ್ಸ್ ನೋಡಿ, "ಹಲ್ಲ ಚಲೋ ಬಂದಾವಲ್ರಿ, ಯಾರ ಮಾಡಿದ್ದು?" ಎಂದರು. ನಾನು ಕೈ ಎತ್ತಬೇಕೆನ್ನುವಾಗ ಗುಲಫಶಾ ನನ್ನ ಮುಂದೆ ಬಂದು ನಿಂತಳು.

"ಸರ್, ಫೋಟೋ ಬಿಡ್ರಿ, ಅಕ್ಷರ ಓದ್ರಿ. ನಂದು ಹಾಜರಿ ಕಡಿಮಿ ಬಿದ್ದೈತಿ. ಇನ್ನ ನಾಕ ದಿವಸ ತಪ್ಪಿದರ ಪರೀಕ್ಷಾಕ್ಕ ಕುಂದ್ರಸಂಗಿಲ್ಲ. ನಾವು ದಿನಾ ಕೈ ಮಾಡ್ತೇವಿ, ಗಾಡಿ ನಿಲ್ಲಂಗಿಲ್ಲ. ಇವತ್ತ ನಿಂತಿದ್ದೂ ನಮ್ಮನ್ನ ನೋಡಿ ಅಲ್ಲ, ನಿಮ್ಮನ್ನ ನೋಡಿ."

ಆಗ ಯಾರೂ ನಗಲಿಲ್ಲ. ಸಾಹೇಬರು ಮಾಲೆಯನ್ನು ಮುಟ್ಟಿ ನೋಡಿಕೊಂಡರು. ತುಂಬಿದ ಬಸ್ಸಿನ ಕಷ್ಟವನ್ನು ಸ್ವಲ್ಪ ಹೇಳಿದರು, ಅದೂ ಸುಳ್ಳಲ್ಲ. ಕೊನೆಗೆ, "ಆತವಾ. ನಾಳಿಂದ ಎರಡೂ ಗಾಡಿ ಇಲ್ಲಿ ನಿಲ್ತಾವ. ಡ್ರೈವರ್‌ಗೋಳಿಗೆ ಬರದ ಕೊಡ್ತೇನಿ" ಎಂದರು. ಜೀಪು ಹತ್ತುವಾಗ ನನ್ನ ಕಡೆ ತಿರುಗಿ, ಆ 'ಲೇಬೇಕು' ಒಂದೀಟ ಸಣ್ಣದು ಮಾಡಾಕ ಬರತೈತೇನ್ರಿ, ಎಂದು ಮೆಲ್ಲಗೆ ಕೇಳಿದರು. ಬರುವುದಿಲ್ಲ ಎಂದೆ.

ಬಸ್ಸು ನಿಲ್ಲುತ್ತಿದೆ, ಪೂನಮ್. ನಿಮ್ಮವ್ವ ಪೇಡೆಯನ್ನೂ ಕೊಟ್ಟುಬಂದಳು. ಬಾಬಾಸಾಹೇಬರ ಮಾಲೆ ಡಿಪೊದವರಿಗೆ ಹೋಯಿತಲ್ಲ ಎಂದು ನಾನು ಛೇಡಿಸಿದರೆ, "ಹುಡುಗ್ಯಾರ ಸಾಲಿ ಕಡೆ ಹೋದ ಮಾಲಿ ಅದು. ಅವರ ಬ್ಯಾಡ ಅಂತಿದ್ದರೇನು?" ಎಂದಳು.

ಆದರೆ ಗುಲಫಶಾಳ ಸಿಟ್ಟು ಇಳಿಯಲಿಲ್ಲ. ಗೆದ್ದೆವು ನಿಜ, ಆದರೆ ಗೆದ್ದದ್ದು ಅವರ ಮುಖ, ನಮ್ಮ ಮಾತಲ್ಲ ಎಂದಳು. ಹೋರಾಟವನ್ನು ಸತ್ಕಾರ ಮಾಡಿಬಿಟ್ಟೆ ಎಂದಳು. ಪೋಸ್ಟರಿನ ಕೆಲಸ ಬಸ್ಸನ್ನು ನಿಲ್ಲಿಸುವುದೋ, ಬಸ್ಸು ಯಾಕೆ ನಿಲ್ಲಬೇಕೆಂದು ಹೇಳುವುದೋ? ನಿನ್ನ ಮೂರು ಗೋಡೆಗಳ ನಡುವೆ ಎಲ್ಲಾದರೂ ಉತ್ತರ ಸಿಕ್ಕರೆ ಬರೆ.

ಅವಳು ಮಾತ್ರ ಕಾಯಲಿಲ್ಲ. "ದಾದಾ, ಬ್ರಷ್ ಎಲ್ಲಿ ಅದಾವ?" ಎಂದು ಅಬ್ಬಾನ ಮುಂದೆ ನಿಂತಳು. ಸಾಹೇಬರಿಗೆ ನಾಳೆ ವರ್ಗವಾದರೆ, ಫ್ಲೆಕ್ಸ್ ಗಾಳಿಗೆ ಹರಿದರೆ ಏನು ಗತಿ, ಗೋಡೆಯ ಮೇಲೆ ಬರೆಯಬೇಕು ಎಂಬುದು ಅವಳ ಮಾತು. ಕಳೆದ ಭಾನುವಾರ ಬರೆದರು. ಹಳೆಯ ಗಿರಣಿಯ ಗೋಡೆ. ಅಬ್ಬಾ ನೀಲಿಯಲ್ಲಿ ಅದ್ದಿದ ದಾರವನ್ನು ಎಳೆದು ಚಿಮ್ಮಿಸಿ ಗೆರೆ ಹಾಕಿಕೊಟ್ಟರು. ನೀಲಪ್ಪ ಕಾಕಾ ಏಣಿ ಹಿಡಿದು, ಪೇಂಟರು ತಪ್ಪಿದರೆ ನಾನು ಪೋಸ್ಟರ್ ಹಚ್ಚಿ ಮುಚ್ಚುತ್ತಿದ್ದೆ ಎಂದು ಹಳೆಯ ಪ್ರತಾಪ ಹೇಳಿದರು. ಗೋಡೆಯ ಧೂಳು ತೊಳೆದಾಗ ಮೂಲೆಯಲ್ಲಿ ಅಬ್ಬಾನದೇ ಒಂದು ಚಹಾದ ಕಪ್ಪು ಕಾಣಿಸಿತು, ನಾವು ಸಾಲಿಗೆ ಹೋಗುತ್ತಿದ್ದಾಗಿನದು. ಗುಲಫಶಾ ಅದರ ಮೇಲೆ ಸುಣ್ಣ ಹಚ್ಚಲು ಹೋದಳು. ಅಬ್ಬಾ ತಡೆದು, "ಇರಲಿ ಬಿಡು. ಬಸ್ ತಡಾ ಆದರ ಚಾ ಕುಡಿಯಾಕ" ಎಂದರು.

ಈಗ ಗೋಡೆಯ ಮೇಲೆ ಕಪ್ಪಿನ ಪಕ್ಕ ಆಳೆತ್ತರದ ಅಕ್ಷರಗಳಿವೆ: 'ಬಸ್ ಇಲ್ಲಿ ನಿಲ್ಲುತ್ತದೆ.' ಬೇಡಿಕೆಯಲ್ಲ, ಆಗ್ರಹವಲ್ಲ. ಒಂದೂ ಮುಖವಿಲ್ಲ. ಕೆಳಗೆ ಪೇಂಟರು ಹೆಸರು ಹಾಕುವ ಜಾಗದಲ್ಲಿ ಅವಳು ಕೇಳದೆಯೇ 'ಗುಲಫಶಾ' ಎಂದು ಬರೆದಳು. ಏಜಾಜ ಟೆಂಪೊ ನಿಲ್ಲಿಸಿ ಇಳಿದು ನೋಡಿದ. ರಸ್ತೆಯ ಮೇಲೆ ಮಗಳ ಹೆಸರು. ಏನನ್ನುತ್ತಾನೋ ಎಂದು ನಾವೆಲ್ಲ ಅವನ ಮುಖ ನೋಡಿದೆವು. "ಹೆಸರು ಒಂದೀಟ ದಪ್ಪ ಆಗಬೇಕಿತ್ತು, ಬಸ್ಸಿನ್ಯಾಗಿಂದ ಕಾಣೂದಿಲ್ಲ" ಎಂದು ಹೇಳಿ, ನೀಲಪ್ಪ ಕಾಕಾರ ಕೈಯಿಂದ ಏಣಿ ತೆಗೆದುಕೊಂಡು ತಾನೇ ಹಿಡಿದ. ಅವಳು ಮತ್ತೆ ಹತ್ತಿ ದಪ್ಪ ಮಾಡಿದಳು.

ಮುಂದಿನ ತಿಂಗಳು ಅವಳಿಗೆ ಪರೀಕ್ಷೆ. ಹಾಜರಿ ಅಷ್ಟರಲ್ಲಿ ತುಂಬುತ್ತದೆ.

ನೀನು ಕೇಳಿದ್ದು ಒಂದು, ಆದರೂ ಮೂರು ವಸ್ತು ಕಳಿಸಿದ್ದೇನೆ: ಒಂದು ಚಾರ್ಟು, ಫ್ಲೆಕ್ಸಿನ ಸಣ್ಣ ಪ್ರಿಂಟು, ಗೋಡೆಯ ಫೋಟೋ. ದೊಡ್ಡ ಫ್ಲೆಕ್ಸನ್ನು ಕಳಿಸಲಾಗುವುದಿಲ್ಲ. ಗೋಡೆ ಬರೆದ ಮೇಲೆ ಅದನ್ನು ಇಳಿಸಿದೆವು, ನಿಮ್ಮವ್ವ ಅಂಗಳಕ್ಕೆ ಹಾಸಿ ಮೆಣಸಿನಕಾಯಿ ಒಣಗಿಸುತ್ತಿದ್ದಾಳೆ. ಸಾಹೇಬರ ಮುಖದ ಮೇಲೆಲ್ಲ ಬ್ಯಾಡಗಿ ಮೆಣಸಿನಕಾಯಿ, ಆದರೆ ತನ್ನ ಮುಖವಿರುವ ಮೂಲೆಯಲ್ಲಿ ಒಂದು ಕಾಯನ್ನೂ ಹಾಕಿಲ್ಲ. ಬೇಕಿದ್ದರೆ ಮಗಳೇ ಬಂದು ಒಯ್ಯಲಿ, ಖಾರಪುಡಿಯೂ ತಯಾರಾಗುತ್ತದೆ ಎಂದು ಹೇಳಿದ್ದಾಳೆ.

ಯಾವ ಗೋಡೆಗೆ ಹಾಕುತ್ತೀಯೋ ನಿನಗೆ ಬಿಟ್ಟದ್ದು. ಮೂಲೆಗೆ ಹಾಕು, ಎರಡು ಗೋಡೆಯಾದರೂ ಸಿಗುತ್ತದೆ.

ನಿನ್ನ ಅರ್ಧ ಬೆಂಚಿನ,
ಜೀನತ್

ತಾ.ಕ.: ಟಿಪ್ಪಣಿಯಲ್ಲಿ 'ಅವಸರದಲ್ಲಿ ಆದ ತಪ್ಪು' ಎಂದೇ ಬರೆ. ಊರೆಲ್ಲ ಹಾಗೇ ನಂಬಿದೆ, ಗುಲಫಶಾ ಕೂಡ. ನಿನಗೆ ಮಾತ್ರ ಹೇಳುತ್ತೇನೆ. ಆ ದಿನ ಅಂಗಡಿಯಲ್ಲಿ ಒಂದೇ ಒಂದು ಮದುವೆಯ ಕೆಲಸವೂ ಇರಲಿಲ್ಲ. ಸಾಹೇಬರ ಬೆರಳು ಯಾವ ಅಕ್ಷರಕ್ಕೂ ತಾಗುತ್ತಿರಲಿಲ್ಲ. ಸೂರ್ಯಕಿರಣಗಳನ್ನು ಒಂದೊಂದಾಗಿ ನಾನೇ ಹಚ್ಚಿದೆ, ಹಲ್ಲು ಬೆಳ್ಳಗೆ ಮಾಡಲು ಅರ್ಧ ಮಧ್ಯಾಹ್ನ ಹಿಡಿಯಿತು. ಈ ಕಡೆಯ ಡ್ರೈವರುಗಳಿಗೆ ಪೋಸ್ಟರ್ ಓದಲು ಇಷ್ಟು ವರ್ಷ ಕಲಿಸಿದವಳು ನಾನೇ, ಅವರು ಏನನ್ನು ಓದುತ್ತಾರೆಂದು ನನಗಲ್ಲದೆ ಇನ್ನಾರಿಗೆ ಗೊತ್ತು? ಪರೀಕ್ಷೆ ಮುಗಿಯುವವರೆಗೆ ಹುಡುಗಿಗೆ ಹೇಳಬೇಡ. ನನ್ನ ಮೇಲಿನ ಸಿಟ್ಟಿನಲ್ಲಿ ಅಕ್ಷರ ಬಹಳ ಚೆನ್ನಾಗಿ ಬರೆಯುತ್ತಿದ್ದಾಳೆ.